ಸ್ಪಷ್ಟನೆ: ಮೊದಲ ಎಲೆಕ್ಟ್ರಿಕ್ ಬೇಸ್ (ಮಂದ್ರ ಸ್ವರದ ಗಿಟಾರ್) 1951ರದ್ದಲ್ಲ, ಚಿತ್ರವೂ ಆ ವರ್ಷದ್ದಲ್ಲ

"ಜಗತ್ತಿನ ಮೊದಲ ಎಲೆಕ್ಟ್ರಿಕ್ ಬೇಸ್ ಗಿಟಾರ್, ಫೆಂಡರ್ ಪ್ರಿಸಿಷನ್, 1951" ಎಂಬ ಸಂದೇಶ ಚಿತ್ರದೊಂದಿಗೆ ಹರಿದಾಡುತ್ತಿದೆ. ಇದರಲ್ಲಿ ಎರಡು ತಪ್ಪುಗಳಿವೆ.

ಅಮೆರಿಕದ ಸಿಯಾಟಲ್‌ನ ಪಾಲ್ ಟಟ್‌ಮಾರ್ಕ್ 1930ರ ದಶಕದಲ್ಲೇ ಆಡಿಯೋವಾಕ್ಸ್ ಹೆಸರಿನಲ್ಲಿ 736 ಎಂಬ ಎಲೆಕ್ಟ್ರಿಕ್ ಬೇಸ್ ಮಾದರಿ ಮಾರಿದ್ದರು. ಗಟ್ಟಿ ಮರದ ಒಡಲು, ಕುತ್ತಿಗೆಯ ಮೇಲಿನ ಲೋಹದ ಪಟ್ಟಿಗಳಾದ ಫ್ರೆಟ್‌ಗಳು, ಗಿಟಾರಿನಂತೆ ಅಡ್ಡ ಹಿಡಿದು ನುಡಿಸುವ ರೀತಿ, ಎಲ್ಲವೂ ಅದರಲ್ಲಿತ್ತು. ಕೆಲವೇ ವಾದ್ಯಗಳು ಉಳಿದಿರುವುದರಿಂದ ಅದರ ಹೆಸರು ಮರೆಯಾಯಿತು. ಫೆಂಡರ್ ಕಂಪನಿಯ ಸ್ಥಾಪಕ ಲಿಯೋ ಫೆಂಡರ್ ಅವರ ಪ್ರಿಸಿಷನ್ ದೊಡ್ಡ ಪ್ರಮಾಣದಲ್ಲಿ ತಯಾರಾಗಿ ಗೆದ್ದ ಮೊದಲ ಎಲೆಕ್ಟ್ರಿಕ್ ಬೇಸ್. ಆ ಹಿರಿಮೆ ಚಿಕ್ಕದಲ್ಲ. ಅವರು ಆಯ್ದುಕೊಂಡ 34 ಇಂಚಿನ ತಂತಿ ಉದ್ದದ ಅಳತೆಯನ್ನೇ ಇಂದಿಗೂ ಹೆಚ್ಚಿನ ತಯಾರಕರು ಪಾಲಿಸುತ್ತಾರೆ.

ಇನ್ನು ಚಿತ್ರ. ಅದರಲ್ಲಿ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಎರಡು ತುಂಡಾಗಿ, ಒಂದು ಮುಂದೆ ಒಂದು ಹಿಂದೆ ಕೂತಿದೆ. ಈ ಜೋಡಣೆ ಬಂದದ್ದು 1957ರಲ್ಲಿ. ಒಂದು ತುಂಡು ಇ, ಎ ತಂತಿಗಳಿಗೆ, ಇನ್ನೊಂದು ಡಿ, ಜಿ ತಂತಿಗಳಿಗೆ. ಸುರುಳಿ ಸುತ್ತಿದ ದಿಕ್ಕು ಮತ್ತು ಅಯಸ್ಕಾಂತದ ಧ್ರುವ ಎರಡೂ ಪರಸ್ಪರ ವಿರುದ್ಧವಾಗಿರುವುದರಿಂದ ಕರೆಂಟಿನ ಗುಂಯ್‌ಗುಡುವಿಕೆ ರದ್ದಾಗುತ್ತದೆ. 1951ರ ವಾದ್ಯದಲ್ಲಿದ್ದದ್ದು ಒಂದೇ ನೇರ ಸಿಂಗಲ್ ಕಾಯಿಲ್ (ಒಂಟಿ ಸುರುಳಿಯ) ಪಿಕಪ್, ಹಾಗಾಗಿ ಆ ಸದ್ದು ಕೇಳುತ್ತಿತ್ತು. ಒಡಲಿನ ಅಂಚು ಹಲಗೆಯಂತೆ ಚಪ್ಪಟೆ, ತಲೆಭಾಗ ಫೆಂಡರ್ ಕಂಪನಿಯ ಟೆಲಿಕಾಸ್ಟರ್ ಗಿಟಾರಿನಂತೆ ಕಿರಿದು, ತಂತಿಗಳು ಒಡಲಿನ ಹಿಂದಿನಿಂದ ತೂರಿ ಬರುತ್ತಿದ್ದವು. ಹಳೆಯ ವಾದ್ಯ ಕೊಳ್ಳುವವರು ಈ ಚಿತ್ರ ನಂಬಿದರೆ ಹಣ ಕಳೆದುಕೊಂಡಾರು.

ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ; ಕಳಿಸಿದ್ದರೆ ಅದೇ ಗುಂಪಿಗೆ ಈ ತಿದ್ದುಪಡಿಯನ್ನೂ ಹಾಕಿ.