ಮಾರಿಷಸ್ ಸಕ್ಕರೆ, ಪರೇಲ್ ಗಿರಣಿ

"ಮುಕ್ತ ವ್ಯಾಪಾರ ಬಂತು ಅಂದ್ರೆ ಸಣ್ಣ ದೇಶಗಳ ಕಥೆ ಮುಗೀತು." ಮಾಟುಂಗಾದಲ್ಲಿ ನಮ್ಮವರು ಸೇರಿದಾಗಲೆಲ್ಲ ಈ ಮಾತು ಬರುತ್ತದೆ. ನಾನು ಪೂರ್ತಿ ಒಪ್ಪುವುದಿಲ್ಲ. ಮಾರಿಷಸ್ ನೋಡಿ.

ಮುಂಬೈಯವರಿಗೆ ಮಾರಿಷಸ್ ಅಂದರೆ ಹನಿಮೂನ್, ಇಲ್ಲವೇ ಟ್ಯಾಕ್ಸ್ ಉಳಿಸುವ ಕಂಪನಿಗಳ ವಿಳಾಸ. ಆದರೆ 13 ಲಕ್ಷವೂ ದಾಟದ ಆ ಜನ ಬದುಕಿದ್ದು ಕಬ್ಬಿನಿಂದ. ಯುರೋಪ್ ತನ್ನ ಹಳೆಯ ವಸಾಹತುಗಳ ಜೊತೆ ಮಾಡಿಕೊಂಡ 1975ರ ಲೋಮೆ ಒಪ್ಪಂದದಂತೆ ಅವರಿಂದ ವರ್ಷಕ್ಕೆ ಸುಮಾರು 5 ಲಕ್ಷ ಟನ್ ಸಕ್ಕರೆಯನ್ನು ಖಾತ್ರಿ ಬೆಲೆಗೆ ಕೊಳ್ಳುತ್ತಿತ್ತು. ಎಷ್ಟೋ ವರ್ಷ ಅದು ಹೊರಗಿನ ಮಾರುಕಟ್ಟೆ ಬೆಲೆಯ ಎರಡರಷ್ಟಕ್ಕಿಂತ ಜಾಸ್ತಿ! ಆಮೇಲೆ ಬ್ರೆಜಿಲ್, ಆಸ್ಟ್ರೇಲಿಯಾ, ಥಾಯ್ಲೆಂಡ್ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ (ಡಬ್ಲ್ಯುಟಿಒ) ದೂರು ಕೊಟ್ಟು ಗೆದ್ದವು. ದೂರು ಇದ್ದದ್ದು ಯುರೋಪಿನ ಸಬ್ಸಿಡಿ ಮೇಲೆ, ಪೆಟ್ಟು ಬಿದ್ದದ್ದು ಮಾರಿಷಸ್‌ಗೆ. 2006ರಿಂದ ನಾಲ್ಕು ವರ್ಷದಲ್ಲಿ ಯುರೋಪ್ ಕೊಡುವ ಬೆಲೆ ಶೇ. 36 ಇಳಿಯಿತು.

ಅವರು ಸುಮ್ನೆ ಕೂರಲಿಲ್ಲ. ಕಾರ್ಖಾನೆಗಳನ್ನು ಒಂದಕ್ಕೊಂದು ಸೇರಿಸಿ ಕೆಲವನ್ನೇ ಉಳಿಸಿಕೊಂಡರು. ಕಚ್ಚಾ ಸಕ್ಕರೆಯ ಬದಲು ಬಿಳಿ ಸಕ್ಕರೆ, ದುಬಾರಿ ಬಗೆಯ ಕಂದು ಸಕ್ಕರೆ ಮಾರಿದರು. ಕಬ್ಬಿನ ಸಿಪ್ಪೆ ಉರಿಸಿ ಕರೆಂಟ್ ಮಾಡಿದರು. ಯುರೋಪೂ ಒಂದಿಷ್ಟು ಹಣ ಕೊಟ್ಟಿತು. ನನಗೆ ಮುಖ್ಯ ಅನಿಸುವುದು ಬೇರೆಯೇ. ಸ್ವಯಂ ನಿವೃತ್ತಿ ತೆಗೆದುಕೊಂಡ ಕೂಲಿಯವರಿಗೆ ನಗದಿನ ಜೊತೆ ಒಂದು ಸೈಟ್ ಸಿಕ್ಕಿತು. ಕೆಲಸ ಹೋಯಿತು, ಕಾಲ ಕೆಳಗೆ ನೆಲ ಉಳಿಯಿತು.

ಈಗ ನಮ್ಮ ಪರೇಲ್‌ಗೆ ಬನ್ನಿ. 1982ರ ಮುಷ್ಕರದಲ್ಲಿ ಮುಂಬೈಯ ಸುಮಾರು ಎರಡೂವರೆ ಲಕ್ಷ ಬಟ್ಟೆ ಗಿರಣಿ ಕಾರ್ಮಿಕರು ಬೀದಿಗಿಳಿದರು. ಗಿರಣಿ ಮುಚ್ಚಿದ್ದಕ್ಕೆ ಕಾರಣ ಬೇರೆ, ಗೊತ್ತು. ಆದರೆ ಆ ಜಾಗದಲ್ಲಿ ಮಾಲ್, ಟವರ್ ಎದ್ದವು. ಎಷ್ಟೋ ಕಾರ್ಮಿಕರ ಮಕ್ಕಳು ಇನ್ನೂ ಸರ್ಕಾರಿ ಮನೆ ಹಂಚುವ ಮ್ಹಾಡಾ ಲಾಟರಿ ಕಾಯುತ್ತಿದ್ದಾರೆ. ಸಣ್ಣ ದ್ವೀಪಕ್ಕೆ ಸಾಧ್ಯವಾದದ್ದು ಇಷ್ಟು ದೊಡ್ಡ ಶಹರಕ್ಕೆ ಆಗಲಿಲ್ಲ ಅಲ್ವಾ?

ಹಾಗಂತ ಮಾರಿಷಸ್ಸನ್ನು ತಲೆ ಮೇಲೆ ಹೊತ್ತು ಕುಣಿಯಬೇಕಿಲ್ಲ. 2005ರ ಜನವರಿಯಲ್ಲಿ ಯಾವ ದೇಶ ಎಷ್ಟು ಬಟ್ಟೆ ರಫ್ತು ಮಾಡಬಹುದು ಅನ್ನುವ ಕೋಟಾ ಪದ್ಧತಿ ಮುಗಿದಾಗ ಅಲ್ಲಿನ ಹಾಂಗ್‌ಕಾಂಗ್ ಮಾಲೀಕರು ಗಂಟುಮೂಟೆ ಕಟ್ಟಿದರು. ಗಾರ್ಮೆಂಟ್ಸ್‌ನಲ್ಲಿ ಕೆಲಸ ಕಳೆದುಕೊಂಡವರಲ್ಲಿ ಹೆಂಗಸರೇ ಜಾಸ್ತಿ. ಕಬ್ಬಿನ ಕೂಲಿಯವರಿಗೆ ಸಿಕ್ಕಂಥ ಸೈಟ್ ಅವರಿಗೆ ಇರಲಿಲ್ಲ.

ಭಾರತವೂ ಈಗ ಒಂದರ ಹಿಂದೊಂದು ಒಪ್ಪಂದ ಮಾಡಿಕೊಳ್ಳುತ್ತಿದೆ. 2021ರಲ್ಲಿ ಮಾರಿಷಸ್ ಜೊತೆಗಿನದ್ದೇ ಜಾರಿಗೆ ಬಂತು. ಇಂಥ ಒಪ್ಪಂದಗಳಲ್ಲಿ ಯಾವ ಮಾಲಿನ ಸುಂಕ ಯಾವ ವರ್ಷ ಎಷ್ಟು ಇಳಿಯುತ್ತದೆ ಅನ್ನುವ ಉದ್ದದ ಪಟ್ಟಿ ಇರುತ್ತದೆ. ಅದರಿಂದ ಕೆಲಸ ಹೋಗುವವರಿಗೆ ಏನು ಕೊಡುತ್ತೀರಿ ಅನ್ನುವ ಪಟ್ಟಿಯನ್ನೂ ಅದೇ ದಿನ ಹೊರಡಿಸಿ. ನಾನು ಕೇಳುವುದು ಅಷ್ಟೇ.