ಕೋವಿಗೆ ವಿನಾಯಿತಿ ಉಂಟು, ಕಂದು ಇಂಕಿಗಿಲ್ಲ

ಕೊಡಗಿನಲ್ಲಿ ಕೋವಿ ಇಟ್ಟುಕೊಳ್ಳಲು ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೂ ಲೈಸೆನ್ಸ್ ಬೇಡ. ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಅದು. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಒಂದು ವಿನಾಯಿತಿ ಪತ್ರ ಮಾಡಿಸಿಕೊಂಡರೆ ಮುಗಿಯಿತು. ಆದರೆ ಸರ್ಕಾರಿ ಅರ್ಜಿಗೆ ಕಂದು ಇಂಕಿನಲ್ಲಿ ಸಹಿ ಹಾಕಿ ಕೊಟ್ಟು ನೋಡಿ. ಕೌಂಟರಿನ ಆಚೆ ಕೂತವರು ನೀವು ಕೋವಿಯನ್ನೇ ಎತ್ತಿ ಹಿಡಿದ ಹಾಗೆ ಹಿಂದಕ್ಕೆ ಸರಿಯುತ್ತಾರೆ.

ನನಗೆ ಇಂಕಿನ ಹುಚ್ಚು. ಮಡಿಕೇರಿಯ ಮಳೆಗಾಲದಲ್ಲಿ ಯಾರಿಗಾದರೂ ಒಂದು ಹುಚ್ಚು ಬೇಕೇ ಬೇಕು. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡುವುದಿಲ್ಲ. ಕರೆಂಟ್ ಹೋದರೆ ಬಂದಾಗ ಬಂತು. ಕೆಲವರು ಇಸ್ಪೀಟು ಆಡುತ್ತಾರೆ, ಕೆಲವರು ಪಕ್ಕದ ಎಸ್ಟೇಟಿನ ಗಡಿ ತಕರಾರು ಬಿಚ್ಚಿ ಕೂರುತ್ತಾರೆ. ನಾನು ಫೌಂಟನ್ ಪೆನ್ನು ತೊಳೆದು ಬೇರೆ ಇಂಕು ತುಂಬುತ್ತೇನೆ. ಕಪಾಟಿನಲ್ಲಿ ಕ್ಯಾಮೆಲ್ ಇದೆ, ಬ್ರಿಲ್ ಇದೆ, ಸ್ವದೇಶಿ ಚಳವಳಿಯ ಬಿಸಿಯಲ್ಲಿ 1934ರಲ್ಲಿ ಬಂಗಾಳದಲ್ಲಿ ಹುಟ್ಟಿದ ಸುಲೇಖಾ ಇದೆ, ಕೇರಳದ ಕೃಷ್ಣ ಇದೆ. ಜಪಾನಿನ ಪೈಲಟ್ ಕಂಪನಿಯ ಇರೋಶಿಜುಕು ಕೂಡ ಇದೆ. ಅದರ ಬೆಲೆಯನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಇಂಕು ನೋಡುವುದಕ್ಕೆ ಒಂದು ಕ್ರಮ ಇದೆ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಬಾಟಲಿಗೆ ಅದ್ದಿ ದಪ್ಪ ಕಾಗದದ ಮೇಲೆ ಎಳೆಯಬೇಕು. ಬಣ್ಣ ಎಲ್ಲಿ ತೆಳು, ಎಲ್ಲಿ ಗಾಢ ಅಂತ ಕಾಣುತ್ತದೆ. ಆಮೇಲೆ ನಿಬ್ಬಿನಲ್ಲಿ ನಾಲ್ಕು ಸಾಲು ಬರೆಯಬೇಕು. ಬೆರಳಿನಿಂದ ಒರೆಸಿ ಒಣಗಿದೆಯಾ ನೋಡಬೇಕು. ಕೊನೆಗೆ ಒಂದು ಹನಿ ನೀರು ಬಿಟ್ಟು ಕಾಯಬೇಕು. ಬೇರೆ ಊರಿನವರು ಈ ನೀರಿನ ಪರೀಕ್ಷೆಗೆ ಡ್ರಾಪರ್ ಕೊಂಡುಕೊಳ್ಳುತ್ತಾರಂತೆ. ನಮಗೆ ಕಿಟಕಿ ತೆಗೆದರೆ ಸಾಕು. ಇನ್ನು ಕಾಗದ. ಆಷಾಢದಲ್ಲಿ ಇಲ್ಲಿನ ಕಾಗದ ತಾನೇ ಹಪ್ಪಳದ ಹಿಟ್ಟಾಗಿರುತ್ತದೆ. ಬರೆದ ಅಕ್ಷರಕ್ಕೆ ನಾಲ್ಕೂ ಕಡೆಯಿಂದ ಬೇರು ಬಿಡುತ್ತದೆ.

ಫಲಿತಾಂಶ ಹೇಳುತ್ತೇನೆ. ಮಕ್ಕಳಿಗೆ ಕೊಡಿಸುವ ರಾಯಲ್ ಬ್ಲೂ ನೋಡಲು ಚಂದ. ಒಂದು ಹನಿ ಬಿದ್ದರೆ ಅಕ್ಷರ ಹೋಗಿ ಆಕಾಶ ಉಳಿಯುತ್ತದೆ. ನೀರಿನಲ್ಲಿ ಕರಗುವ ಬಣ್ಣ ಅದು, ತಪ್ಪಿಲ್ಲ. ಬಟ್ಟೆಗೆ ಬಿದ್ದರೆ ಹೋಗಲಿ ಅಂತಲೇ ಹಾಗೆ ಮಾಡಿರುವುದು. ಪ್ಲಾಟಿನಂ ಕಂಪನಿಯ ಪಿಗ್ಮೆಂಟ್ ಸೆಪಿಯಾ, ಅಂದರೆ ಕಂದು ಇಂಕು, ಹಾಗಲ್ಲ. ಅದರಲ್ಲಿ ಇರುವುದು ಕರಗುವ ಬಣ್ಣ ಅಲ್ಲ, ಕಾಗದದ ನಾರಿಗೆ ಅಂಟಿ ಕೂರುವ ಸಣ್ಣ ಕಣ. ಒಣಗಿದ ಮೇಲೆ ನೀರಿಗೆ ಅದು ಜಗ್ಗುವುದಿಲ್ಲ. ರಾತ್ರಿಯಿಡೀ ಹೊರಗೆ ಇಟ್ಟೆ. ಕಾಗದ ಮುದ್ದೆಯಾಯಿತು, ಸಹಿ ಹಾಗೇ ಇತ್ತು.

ಈಗ ಕಚೇರಿಗೆ ಬನ್ನಿ. ಯಾವ ಕಚೇರಿ ಅಂತ ಹೇಳುವುದಿಲ್ಲ, ನಿಮ್ಮ ಊರಿನದೇ ಅಂದುಕೊಳ್ಳಿ. ನನ್ನ ಮುಂದೆ ನಿಂತಿದ್ದ ಹಿರಿಯರು ಕೊಡೆ ಮಡಚುವಾಗ ನೀರು ಅವರದೇ ಅರ್ಜಿಯ ಮೇಲೆ ಸುರಿಯಿತು. ರಾಯಲ್ ಬ್ಲೂ ಸಹಿ. ನಿಧಾನಕ್ಕೆ ಹರಡಿತು, ಪಕ್ಕದ ಸರ್ವೆ ನಂಬರ್ ಮೇಲೆ ಹತ್ತಿತು, ಕೆಳಗಿನ ದಿನಾಂಕವನ್ನು ನುಂಗಿತು. ಗುಮಾಸ್ತರು ಅದನ್ನು ಫ್ಯಾನಿನ ಕೆಳಗೆ ಎರಡು ನಿಮಿಷ ಹಿಡಿದರು, ಸೀಲು ಒತ್ತಿದರು, ಒಳಗೆ ತೆಗೆದುಕೊಂಡರು. ಸಹಿ ಕಾಣದಿದ್ದರೇನಂತೆ, ಕಾಣುತ್ತಿದ್ದಾಗ ನೀಲಿ ಇತ್ತಲ್ಲ!

ನನ್ನ ಸರದಿ ಬಂತು. ಕಾಗದವನ್ನು ಬೆಳಕಿಗೆ ಹಿಡಿದು ಕೇಳಿದರು, ‘ಇದ್ಯಾವ ಕಲರ್?’

‘ಸೆಪಿಯಾ. ನೀರು ಬಿದ್ದರೂ ಹೋಗಲ್ಲ.’

‘ಹೋಗೋದು ಬಿಡೋದು ಬೇರೆ ವಿಷಯ ಸಾರ್. ಬ್ಲೂ ಇಲ್ಲಾ ಬ್ಲ್ಯಾಕ್ ಇರಬೇಕು.’

ದೇಶದಲ್ಲಿ ಬೆಳೆಯುವ ಕಾಫಿಯಲ್ಲಿ ದೊಡ್ಡ ಪಾಲು ಕೊಡುವ ಜಿಲ್ಲೆ ಇದು. ಇಲ್ಲಿ ಕಾಫಿ ಬಣ್ಣದಲ್ಲಿ ಸಹಿ ಹಾಕುವ ಹಾಗಿಲ್ಲ. ಹೋಗಲಿ, ಅವರು ನನ್ನ ಅರ್ಜಿ ವಾಪಸ್ ಕೊಡುವಾಗ ಎಡಗೈಯಲ್ಲಿ ಹಿಡಿದಿದ್ದ ಸೀಲು ನೋಡಿದೆ. ನೇರಳೆ. ಪ್ಯಾಡು ನೇರಳೆ, ಅವರ ಹೆಬ್ಬೆರಳು ನೇರಳೆ, ಮೇಜಿನ ಅಂಚು ನೇರಳೆ. ಅದು ನೀರಿಗೆ ಎಷ್ಟು ಗಟ್ಟಿ ಅಂತ ಆ ಹಿರಿಯರ ಅರ್ಜಿಯ ಮೇಲೆ ಅಷ್ಟರಲ್ಲೇ ಗೊತ್ತಾಗುತ್ತಿತ್ತು. ಪ್ರಜೆ ನೇರಳೆಯಲ್ಲಿ ಬರೆದರೆ ಅರ್ಜಿ ತಿರಸ್ಕಾರ. ಸರ್ಕಾರ ನೇರಳೆ ಒತ್ತಿದರೆ ಅರ್ಜಿ ಸ್ವೀಕಾರ.

ಹಸಿರಿನ ಕತೆ ಇನ್ನೂ ದೊಡ್ಡದು. ಕಣ್ಣು ಹಾಯಿಸಿದಲ್ಲೆಲ್ಲ ಹಸಿರು ತುಂಬಿದ ಜಿಲ್ಲೆಯಲ್ಲಿ ಹಸಿರು ಇಂಕಿಗೆ ಮಾತ್ರ ಬರಗಾಲ. ಅದು ಗೆಜೆಟೆಡ್ ಅಧಿಕಾರಿಗಳದು ಅಂತ ಎಲ್ಲರಿಗೂ ಗೊತ್ತು. ಕೇಂದ್ರ ಸರ್ಕಾರದ ಕಚೇರಿ ಕೈಪಿಡಿ ಇನ್ನೂ ಬಿಗಿ. ಜಂಟಿ ಕಾರ್ಯದರ್ಶಿ ಮತ್ತು ಅವರಿಗಿಂತ ಮೇಲಿನವರು ಮಾತ್ರ, ಅದೂ ಅಪರೂಪಕ್ಕೆ, ಹಸಿರು ಅಥವಾ ಕೆಂಪು ಬಳಸಬಹುದು ಅಂತ ಅದು ಹೇಳುತ್ತದೆ. ಅಂದರೆ ದೆಹಲಿಯಲ್ಲಿ ಯಾರೋ ಕೂತು ಬಾಟಲಿ ಬಾಟಲಿಗೂ ಅಂತಸ್ತು ನಿಗದಿ ಮಾಡಿದ್ದಾರೆ. ದಾಖಲೆಗೆ ಸ್ವಯಂ ದೃಢೀಕರಣ ಸಾಕು ಅಂತ ಕೇಂದ್ರ ಹೇಳಿ ಹತ್ತು ವರ್ಷ ದಾಟಿದೆ. ಆದರೂ ‘ಗ್ರೀನ್ ಇಂಕ್ ಸೈನ್ ಮಾಡಿಸ್ಕೊಂಡು ಬನ್ನಿ’ ಅನ್ನುವ ಮಾತು ನಿಂತಿಲ್ಲ. ಕ್ಯಾಮೆಲ್ ಹಸಿರು ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ, ಯಾರು ಬೇಕಾದರೂ ಕೊಳ್ಳಬಹುದು. ಈ ಗುಟ್ಟು ಕೌಂಟರಿನವರಿಗೆ ಇನ್ನೂ ತಲುಪಿಲ್ಲ.

ಇಷ್ಟು ಸಾಲದು ಅಂತ ಜನ ತಾವೇ ನಿಯಮ ಹುಟ್ಟಿಸಿಕೊಳ್ಳುತ್ತಾರೆ. ಚೆಕ್ಕಿನ ಮೇಲೆ ಕಪ್ಪು ಇಂಕಿನಲ್ಲಿ ಬರೆಯುವುದನ್ನು ರಿಸರ್ವ್ ಬ್ಯಾಂಕ್ ನಿಷೇಧಿಸಿದೆ ಅಂತ ಒಂದು ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಿತ್ತಲ್ಲ. ಅದು ಸುಳ್ಳು ಅಂತ 2025ರ ಜನವರಿಯಲ್ಲಿ ಕೇಂದ್ರದ ವಾರ್ತಾ ಶಾಖೆಯೇ ಹೇಳಬೇಕಾಯಿತು. ಅಷ್ಟರಲ್ಲಿ ನಮ್ಮ ಸಂತೆ ಬೀದಿಯಲ್ಲಿ ನೀಲಿ ಪೆನ್ನು ಸಾಲ ಕೇಳುವವರು ಜಾಸ್ತಿ ಆಗಿದ್ದರು.

ಸರ್ಕಾರಕ್ಕೆ ಅಳಿಸದ ಇಂಕು ಮಾಡಲು ಬರುವುದಿಲ್ಲ ಅಂತ ಮಾತ್ರ ಅಂದುಕೊಳ್ಳಬೇಡಿ. ಮಡಿಕೇರಿಯಿಂದ ಗುಡ್ಡ ಇಳಿದು ಕುಶಾಲನಗರ, ಹುಣಸೂರು ದಾಟಿದರೆ ಮೈಸೂರು. ನಾಲ್ವಡಿ ಕೃಷ್ಣರಾಜ ಒಡೆಯರ್ 1937ರಲ್ಲಿ ಶುರು ಮಾಡಿದ ಬಣ್ಣದ ಕಾರ್ಖಾನೆ ಅಲ್ಲಿದೆ. 1962ರ ಚುನಾವಣೆಯಿಂದ ಇಡೀ ದೇಶದ ಬೆರಳಿಗೆ ಗುರುತು ಹಾಕುವ ಇಂಕು ತಯಾರಾಗುವುದು ಅಲ್ಲೇ. ಅದರಲ್ಲಿ ಸಿಲ್ವರ್ ನೈಟ್ರೇಟ್ ಇರುತ್ತದೆ. ಚರ್ಮಕ್ಕೆ ತಾಗಿ ಬೆಳಕು ಬಿದ್ದರೆ ಕಪ್ಪಾಗಿ ಕೂರುತ್ತದೆ. ಸೋಪು ಹಾಕಿ, ಎಣ್ಣೆ ಹಾಕಿ, ಕಾಫಿ ತೋಟದ ಕೆಸರಿನಲ್ಲಿ ಉಜ್ಜಿ, ಹೋಗುವುದಿಲ್ಲ. ಉಗುರು ಬೆಳೆದು ಕತ್ತರಿಸಿದ ಮೇಲೇ ಮುಕ್ತಿ. ನಾನು ವೋಟು ಹಾಕಿದ್ದೇನೆ ಅನ್ನುವುದು ವಾರಗಟ್ಟಲೆ ನೆನಪಿರಬೇಕು. ನನ್ನ ಜಮೀನು ನನ್ನದು ಅನ್ನುವುದು ಒಂದು ಜಡಿಮಳೆಗೆ ತೊಳೆದುಹೋದರೆ ಅಡ್ಡಿಯಿಲ್ಲ.

ನನ್ನದೊಂದು ಸಲಹೆ ಉಂಟು. ಕೊಡವರ ಕಕ್ಕಡ ತಿಂಗಳ 18ಕ್ಕೆ, ಅಂದರೆ ಆಗಸ್ಟ್ ಮೊದಲ ವಾರದಲ್ಲಿ, ನಮ್ಮ ಕಡೆ ಮದ್ದು ಸೊಪ್ಪು ಬೇಯಿಸಿ ಪಾಯಸ ಮಾಡುತ್ತಾರಲ್ಲ. ಆ ಕಷಾಯದ ನೇರಳೆಯನ್ನು ಸರ್ಕಾರಿ ಬಣ್ಣ ಅಂತ ಘೋಷಿಸಿಬಿಡಲಿ. 18 ಬಗೆಯ ಔಷಧಿ ಗುಣ ಅಂದು ಅದರಲ್ಲಿ ಸೇರುತ್ತದೆ ಅನ್ನುವುದು ಹಿರಿಯರ ನಂಬಿಕೆ. ಫೈಲಿಗೆ ಬೇಕಾಗಿರುವುದೂ ಔಷಧಿಯೇ ಅಲ್ವಾ. ಅರ್ಜಿದಾರ ಕುಡಿದಿದ್ದಾನೋ ಇಲ್ಲವೋ ಅನ್ನುವುದಕ್ಕೆ ಮಾರನೇ ಬೆಳಗ್ಗೆ ಬಚ್ಚಲಲ್ಲೇ, ಮೂತ್ರದ ಬಣ್ಣದಲ್ಲಿ, ದೃಢೀಕರಣ ಸಿಗುತ್ತದೆ, ಗೆಜೆಟೆಡ್ ಅಧಿಕಾರಿ ಬೇಡ. ಪೆನ್ನಿಗೆ ಮಾತ್ರ ಅದನ್ನು ತುಂಬಬೇಡಿ, ಕಟ್ಟಿಕೊಳ್ಳುತ್ತದೆ.

ಸದ್ಯಕ್ಕೆ ನಾನು ಪೆಲಿಕನ್ 4001 ಬ್ಲೂ-ಬ್ಲ್ಯಾಕ್‌ಗೆ ಬಂದಿದ್ದೇನೆ. ಇದು ಹಳೇ ಕಾಲದ ಕಬ್ಬಿಣದ ಇಂಕು. ಓಕ್ ಮರದ ಗಂಟುಕಾಯಿಯ ಒಗರಿಗೆ ಕಬ್ಬಿಣದ ಲವಣ ಸೇರಿಸಿ ಮಾಡುತ್ತಿದ್ದ ಇಂಕಿನ ವಂಶ. ಇಂಗ್ಲೆಂಡಿನಲ್ಲಿ ಜನನ, ಮದುವೆ ರಿಜಿಸ್ಟರುಗಳಿಗೆ ಇದೇ ಜಾತಿಯ ಇಂಕು ಬಳಸುತ್ತಿದ್ದರು. ಲಿವರ್‌ಪೂಲಿನ ಡಯಮೈನ್ ಕಂಪನಿ ಈಗಲೂ ರಿಜಿಸ್ಟ್ರಾರ್ಸ್ ಇಂಕು ಅಂತಲೇ ಒಂದನ್ನು ಮಾರುತ್ತದೆ. ಪೆನ್ನಿನಲ್ಲಿ ಒಣಗಲು ಬಿಡಬಾರದು, ಆಗಾಗ ತೊಳೆಯಬೇಕು, ಅಷ್ಟೇ ಕಿರಿಕಿರಿ. ಬರೆಯುವಾಗ ಕಾಣುವ ನೀಲಿ, ಬರೆದದ್ದು ಕಣ್ಣಿಗೆ ಬೀಳಲಿ ಅಂತ ಸೇರಿಸಿದ ಬಣ್ಣ. ನಿಜವಾದ ಇಂಕು ಗಾಳಿ ತಾಗಿದ ಮೇಲೆ ನಿಧಾನಕ್ಕೆ ಕಪ್ಪಾಗುತ್ತದೆ, ಆಮೇಲೆ ನೀರಿಗೆ ಸುಲಭಕ್ಕೆ ಬಗ್ಗುವುದಿಲ್ಲ.

ಹಾಗಾಗಿ ಅರ್ಜಿ ಕೊಡುವ ದಿನ ನನ್ನ ಸಹಿ ನೀಲಿ. ಫೈಲು ಪಕ್ಕದ ಮೇಜಿಗೆ ಹೋಗುವಷ್ಟರಲ್ಲಿ ಕಪ್ಪು. ಎರಡೂ ನಿಯಮದ ಪ್ರಕಾರವೇ ಇದೆ. ಬಣ್ಣ ಬದಲಾಗಿದ್ದನ್ನು ಇದುವರೆಗೆ ಯಾರೂ ಕೇಳಿಲ್ಲ. ಕೇಳಬೇಕಾದರೆ ಯಾರಾದರೂ ಆ ಫೈಲನ್ನು ತೆರೆದು ನೋಡಬೇಕಲ್ಲ.