ಮೊಟ್ಟೆ ಟ್ರೇಯಲ್ಲಿ ಆಲೂಗಡ್ಡೆ

ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವವರು ಯಾರೂ ಇಲ್ಲ. ಆದರೂ ಹೋದ ಅಕ್ಟೋಬರಿನಲ್ಲಿ ಮುಂದಿನ ಕೋಣೆಯ ಕಿಟಕಿಗೆ ಎರಡು ಮೊಟ್ಟೆ ಟ್ರೇ ಬಂದು ಕೂತವು. ಬೀದಿ ಕೊನೆಯ ಅಂಗಡಿಯವನ ಹತ್ತಿರ ಕೇಳಿ ತಂದಿದ್ದೆ. "ಏನ್ ಸಾರ್, ನೀವೂ ಶುರು ಮಾಡಿದ್ರಾ?" ಅಂತ ನಕ್ಕ. ಖಾಲಿ ಟ್ರೇ ಸಾಕು ಅಂದಾಗ ಅವನ ಅನುಮಾನ ಇನ್ನೂ ಜಾಸ್ತಿಯಾಯಿತು. ಮೊಟ್ಟೆಯನ್ನು ಬೇರೆ ಅಂಗಡಿಯಲ್ಲಿ ಕೊಂಡು ಟ್ರೇಗೆ ಮಾತ್ರ ಇಲ್ಲಿಗೆ ಬಂದಿದ್ದಾನೆ ಅಂದುಕೊಂಡಿರಬೇಕು.

ಅಮ್ಮನದು ಬೇರೆ ತಕರಾರು. "ದೇವರ ಮನೆಗೆ ಕಾಣೋ ಹಾಗೆ ಇಡಬೇಡ ಕಣೋ" ಅಂದಳು. ಟ್ರೇಗಳು ಒಂದು ಕಿಟಕಿ ಆಚೆ ಸರಿದವು. ಅದರ ಒಂದೊಂದು ಗುಳಿಯಲ್ಲೂ ಒಂದೊಂದು ಆಲೂಗಡ್ಡೆ ಕೂರಿಸಿದೆ. ತೊಟ್ಟು ಕಿತ್ತ ಗುರುತು ಕೆಳಗೆ, ಕಣ್ಣು ಜಾಸ್ತಿ ಇರುವ ತಲೆ ಮೇಲೆ. ಗ್ರೂಪ್ ಫೋಟೋಕ್ಕೆ ನಿಲ್ಲಿಸಿದ ಸ್ಕೂಲ್ ಮಕ್ಕಳ ಹಾಗೆ ಕಾಣುತ್ತಿದ್ದವು.

ತಾರಸಿಯಲ್ಲಿ ಆಲೂಗಡ್ಡೆ ಬೆಳೆಯೋಕೆ ಇದು ನನ್ನ ಎರಡನೇ ಪ್ರಯತ್ನ. ಮೊದಲನೆಯದನ್ನು ಹೇಳಿಕೊಳ್ಳೋಕೆ ನಾಚಿಕೆ. ತರಕಾರಿ ಬುಟ್ಟಿಯ ತಳದಲ್ಲಿ ಮರೆತುಹೋಗಿದ್ದ ನಾಲ್ಕು ಆಲೂಗಡ್ಡೆ ಕತ್ತಲಲ್ಲೇ ಮೊಳಕೆ ಬಿಟ್ಟಿದ್ದವು. ಬಿಳಿ, ಉದ್ದ, ಶ್ಯಾವಿಗೆಯಂಥ ಮೊಳಕೆ. ಅದನ್ನು ಕಂಡು, ಅಬ್ಬಾ ಎಷ್ಟು ಬೆಳೆದಿದೆ ಅಂತ ಖುಷಿಪಟ್ಟೆ. ಚಕಚಕ ಕತ್ತರಿಸಿ, ಆ ಗಳಿಗೆಯಲ್ಲೇ ಕುಂಡಕ್ಕೆ ಹಾಕಿ, ತಂಬಿಗೆ ತುಂಬ ನೀರು ಸುರಿದೆ. ಹತ್ತು ದಿನಕ್ಕೆ ತಾರಸಿಯಲ್ಲಿ ಇಲಿ ಸತ್ತ ವಾಸನೆ. ಕೆಳಗಿನ ಮನೆಯವರು ನೀರಿನ ಟ್ಯಾಂಕಿನೊಳಗೆ ಬಗ್ಗಿ ನೋಡಿದರು. ಪಾಪ, ಸಂಪನ್ನೂ ತೆರೆಸಿದರು. ನಾನು ಬಾಯಿ ಬಿಡಲಿಲ್ಲ.

ಹಾಸನದ ಕಡೆ ಹಳ್ಳಿಯಲ್ಲಿರುವ ಸೋದರಮಾವನಿಗೆ ಮಾತ್ರ ಫೋನಿನಲ್ಲಿ ಹೇಳಿದೆ. ಮಾವ ಜನ್ಮವಿಡೀ ಆಲೂಗಡ್ಡೆ ಬೆಳೆದವರು. ಪೂರ್ತಿ ಕೇಳಿಸಿಕೊಂಡು, "ಹಸಿ ಗಾಯಕ್ಕೆ ಮಣ್ಣು ಮೆತ್ತಿದ್ರೆ ಕೀವಾಗದೆ ಇನ್ನೇನಾಗುತ್ತೆ?" ಅಂದರು.

ಅವರ ಕಡೆ ಬಿತ್ತನೆ ಮೇ ತಿಂಗಳಲ್ಲಿ, ಮುಂಗಾರಿಗೆ ಮೊದಲಿನ ಮಳೆ ಬಿದ್ದ ಮೇಲೆ. ಆ ಹೊತ್ತಿಗೆ ಹಾಸನದ ಎಪಿಎಂಸಿಗೆ ಪಂಜಾಬಿನ ಜಲಂಧರಿನಿಂದ ಲಾರಿಗಟ್ಟಲೆ ಬಿತ್ತನೆ ಗಡ್ಡೆ ಬಂದಿರುತ್ತದೆ. ಅಷ್ಟು ದೂರದಿಂದ ಯಾಕೆ ಅಂತ ಚಿಕ್ಕಂದಿನಲ್ಲಿ ನನಗೆ ಅರ್ಥವಾಗುತ್ತಿರಲಿಲ್ಲ. ಮನೆ ತುಂಬ ಗಡ್ಡೆ ಇಟ್ಟುಕೊಂಡು ಬೀಜಕ್ಕೆ ಸಾಲ ಮಾಡುವುದು ಎಂಥ ಲೆಕ್ಕ? ವಿಷಯ ಏನೆಂದರೆ, ಆಲೂಗಡ್ಡೆಯ ನಂಜು ರೋಗಗಳನ್ನು, ಅಂದರೆ ವೈರಸ್ ರೋಗಗಳನ್ನು, ಗಿಡದಿಂದ ಗಿಡಕ್ಕೆ ಹೊತ್ತು ತಿರುಗುವುದು ಸಸ್ಯಹೇನು. ಪಂಜಾಬಿನ ಚಳಿಗಾಲದಲ್ಲಿ ಅವುಗಳ ಕಾಟ ಕಡಿಮೆ, ಹಾಗಾಗಿ ಅಲ್ಲಿ ಬೆಳೆದ ಬೀಜ ಚೊಕ್ಕಟ. ನಮ್ಮಲ್ಲಿ ಮನೆ ಬೀಜವನ್ನೇ ಮತ್ತೆ ಮತ್ತೆ ಹಾಕಿದರೆ ನಂಜು ಸೇರುತ್ತಾ ಹೋಗಿ ಇಳುವರಿ ಇಳಿಯುತ್ತದೆ. ಮಾವನ ಮಾತಲ್ಲಿ ಹೇಳುವುದಾದರೆ, "ಮೊದಲ ವರ್ಷ ಗಡ್ಡೆ, ಎರಡನೇ ವರ್ಷ ನಿಂಬೆಕಾಯಿ, ಮೂರನೇ ವರ್ಷ ಗೋಲಿ."

ಅವರು ಹಾಕುವುದು ಜ್ಯೋತಿ. ಪೂರ್ತಿ ಹೆಸರು ಕುಫ್ರಿ ಜ್ಯೋತಿ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1968ರಲ್ಲಿ ಹೊರತಂದ ತಳಿ. ಕುಫ್ರಿ ಅನ್ನುವುದು ಶಿಮ್ಲಾ ಪಕ್ಕದ ಊರು. ನಮ್ಮಲ್ಲಿ ಊರ ಹೆಸರು ಉದುರಿ ಬರೀ ಜ್ಯೋತಿ ಉಳಿದುಕೊಂಡಿದೆ. "ಈ ಸಲ ಜ್ಯೋತಿ ಚೆನ್ನಾಗಿ ಬಂದಿದ್ದಾಳೆ" ಅಂತ ಮಾವ ಒಮ್ಮೆ ಫೋನಿನಲ್ಲಿ ಅಂದಾಗ ನನ್ನ ಹೆಂಡತಿ ಕೈಲಿದ್ದ ಕೆಲಸ ಬಿಟ್ಟು ಕಿವಿಗೊಟ್ಟಿದ್ದಳು.

ನನ್ನ ತಾರಸಿಗೆ ಲಾರಿ ಬರುವುದಿಲ್ಲವಲ್ಲ. ಸೆಪ್ಟೆಂಬರಿನಲ್ಲಿ ಅವರದೇ ಹೊಲದಲ್ಲಿ ಕಿತ್ತ ಗಡ್ಡೆಯಿಂದ ಮೂರು ಕೆಜಿ ಆರಿಸಿ ಬಸ್ಸಿಗೆ ಹಾಕಿದರು. ಜೊತೆಗೆ ಒಂದು ಎಚ್ಚರಿಕೆ. "ಹೊಸ ಗಡ್ಡೆ ಮಲಗಿರುತ್ತೆ. ಎರಡು ತಿಂಗಳು ಹತ್ತಿರ ಹೋಗಬೇಡ." ನಿಜವೇ. ಆಗತಾನೇ ಕಿತ್ತ ಆಲೂಗಡ್ಡೆಯನ್ನು ಏನು ಮಾಡಿದರೂ ಅದು ಸುಲಭಕ್ಕೆ ಮೊಳೆಯುವುದಿಲ್ಲ. ಅದಕ್ಕೆ ಅದರದೇ ನಿದ್ದೆ ಇದೆ. ನನಗೋ ತಡೆಯಲಿಲ್ಲ. ದಿನಾ ಗೋಣಿ ಎತ್ತಿ ಇಣುಕುತ್ತಿದ್ದೆ. ತೊಟ್ಟಿಲ ಮಗುವಿಗೆ ನಿದ್ದೆ ಬಂತಾ ಅಂತ ತಟ್ಟಿ ನೋಡುವವರು ಇರುತ್ತಾರಲ್ಲ, ಆ ಜಾತಿ.

ಅಕ್ಟೋಬರ್ ಕೊನೆಗೆ ಒಂದೊಂದೇ ಗಡ್ಡೆ ಕಣ್ಣು ಬಿಟ್ಟಿತು. ಆಗ ಬಂದದ್ದು ಮೊಟ್ಟೆ ಟ್ರೇ. ಬಿಸಿಲು ನೇರ ಬೀಳದ, ಆದರೆ ಬೆಳಕಿರುವ ಜಾಗದಲ್ಲಿಟ್ಟರೆ ಮೊಳಕೆ ಶ್ಯಾವಿಗೆಯಾಗುವುದಿಲ್ಲ. ಕುಳ್ಳಗೆ, ದಪ್ಪಗೆ, ಗಟ್ಟಿಯಾಗಿ ಬರುತ್ತದೆ. ನೆಡುವಾಗ ಕೈ ತಗುಲಿದರೂ ಪಟಕ್ಕನೆ ಮುರಿಯುವುದಿಲ್ಲ. ಬೆಳಕಿಗೆ ಗಡ್ಡೆಯ ಸಿಪ್ಪೆಯೂ ಹಸಿರಾಗುತ್ತದೆ. ಆಲೂಗಡ್ಡೆ ಬೇರಲ್ಲ, ಮಣ್ಣೊಳಗೆ ಊದಿಕೊಂಡ ಕಾಂಡ. ಬೆಳಕು ಕಂಡರೆ ಅದಕ್ಕೆ ತಾನು ಕಾಂಡ ಅನ್ನುವುದು ನೆನಪಾಗುತ್ತೆ. ಹಸಿರಿನ ಜೊತೆಗೇ ಸೊಲನಿನ್ ಅನ್ನುವ ಕಹಿ ವಿಷವೂ ಹೆಚ್ಚುವುದರಿಂದ, ಹೀಗೆ ಕಿಟಕಿಗೆ ಬಂದ ಗಡ್ಡೆ ತಿರುಗಿ ಅಡುಗೆಮನೆಗೆ ಹೋಗುವಂತಿಲ್ಲ.

ಅಮ್ಮನಿಗೆ ಇದು ಸಂಕಟ. ಮೂರು ಕೆಜಿ ಅಂದರೆ ಎಷ್ಟು ಭಾನುವಾರದ ದೋಸೆ ಪಲ್ಯ, ಅಲ್ವಾ? ಹಾಗಂತ ಆಲೂಗಡ್ಡೆಗೆ ಅವಳು ಪೂರ್ತಿ ಒಲಿದವಳೂ ಅಲ್ಲ. ಶ್ರಾದ್ಧದ ಅಡುಗೆಗೆ ಇವತ್ತಿಗೂ ಸೇರಿಸುವುದಿಲ್ಲ. "ಅದು ಹೊರಗಿಂದ ಬಂದಿದ್ದು" ಅನ್ನುತ್ತಾಳೆ. ಮಾತು ಸುಳ್ಳಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟದ ಗಡ್ಡೆ. ಕರಾವಳಿಯವರು ಬಟಾಟೆ ಅನ್ನುತ್ತಾರಲ್ಲ, ಆ ಹೆಸರು ಪೋರ್ಚುಗೀಸರದು. ಬಾಳೆಕಾಯಿ, ಸುವರ್ಣಗಡ್ಡೆಗಳ ಪಂಕ್ತಿಯಲ್ಲಿ ಇದಕ್ಕಿನ್ನೂ ಎಲೆ ಹಾಕಿಲ್ಲ.

ನವೆಂಬರ್ ಮೊದಲ ವಾರ ಗಡ್ಡೆಗಳನ್ನು ಹೋಳು ಮಾಡುವ ದಿನ ಬಂತು. ಮೊಟ್ಟೆ ಗಾತ್ರದವನ್ನು ಇಡಿಯಾಗಿಯೇ ನೆಡುವುದು ಒಳ್ಳೆಯದು. ದೊಡ್ಡವನ್ನು ಮಾತ್ರ ಉದ್ದಕ್ಕೆ ಸೀಳಬೇಕು. ಅಡ್ಡಕ್ಕೆ ಕೊಯ್ದರೆ ಕಣ್ಣೆಲ್ಲ ತಲೆಯ ಭಾಗಕ್ಕೇ ಹೋಗಿ ಬುಡದ ಭಾಗಕ್ಕೆ ಅನ್ಯಾಯವಾಗುತ್ತದೆ. ಒಂದೊಂದು ಹೋಳಿಗೂ ಎರಡು ಮೂರು ಕಣ್ಣು ಬೇಕು, ತೂಕ ನಲವತ್ತು ಐವತ್ತು ಗ್ರಾಂ ಆದರೂ ಇರಬೇಕು. ಬೇರು ಬಿಡುವ ತನಕ ಮೊಳಕೆಗೆ ಆ ಹೋಳೇ ಬುತ್ತಿ. ಒಳಗೆ ಕಂದು ಉಂಗುರ ಕಂಡರೆ ಆ ಗಡ್ಡೆ ಕಸಕ್ಕೆ, ಚಾಕು ಕುದಿಯುವ ನೀರಿಗೆ. ಆ ಉಂಗುರ ಸೊರಗು ರೋಗದ ಗುರುತು, ರೋಗ ಚಾಕುವಿನ ಮೇಲೆ ಕೂತು ಮುಂದಿನ ಗಡ್ಡೆಗೆ ಹೋಗುತ್ತದೆ.

ನಾನು ಕೊಯ್ಯುವುದನ್ನು ಎರಡು ನಿಮಿಷ ನೋಡಿ ಅಮ್ಮನಿಗೆ ತಡೆಯಲಾಗಲಿಲ್ಲ. ಈಳಿಗೆಮಣೆ ತಂದು ಕೂತಳು. ಮೊದಲ ಗಡ್ಡೆಯನ್ನು ಅಚ್ಚುಕಟ್ಟಾಗಿ ಎರಡು ಮಾಡಿದಳು. ಆಮೇಲೆ ಈಳಿಗೆಯ ತುದಿಗೆ ಒಂದು ಹೋಳು ಹಿಡಿದು, ನಾನು ಬಾಯಿ ತೆರೆಯುವಷ್ಟರಲ್ಲಿ, ಅದರ ಮೂರೂ ಕಣ್ಣು ಕಿತ್ತು ಹಾಕಿದಳು. ಮೊಳಕೆ ಸಮೇತ.

ಕಿತ್ತ ಮೇಲೆ ಅವಳಿಗೇ ಗೊತ್ತಾಯಿತು. "ಅಯ್ಯೋ, ಕೈಗೆ ರೂಢಿ ಕಣೋ" ಅಂದಳು. ಅರವತ್ತು ವರ್ಷದಿಂದ ಆ ಕೈಗಳು ಆಲೂಗಡ್ಡೆಯ ಕಣ್ಣು ಕೀಳುತ್ತಾ ಬಂದಿವೆ. ನಾವೆಲ್ಲ ಹಾಗೆಯೇ ತಿಂದಿದ್ದೇವೆ. ಪಲ್ಯದಲ್ಲಿ ಒಂದು ಕಣ್ಣು ಉಳಿದಿದ್ದರೆ ಅಪ್ಪ ಅದನ್ನು ತಟ್ಟೆಯ ಅಂಚಿಗೆ ಸರಿಸಿ, ಏನೂ ಹೇಳದೆ ತೋರಿಸುತ್ತಿದ್ದರು. ಈಗ ಮಗ ಬಂದು, ಕಣ್ಣು ಉಳಿಸಿ ಮಿಕ್ಕಿದ್ದನ್ನು ಮರೆತುಬಿಡು ಅಂದರೆ ಕೈ ಹೇಗೆ ಕೇಳೀತು? ಆ ಸಂಜೆ ಮುಗಿಯುವುದರೊಳಗೆ ಇನ್ನೂ ಎರಡು ಹೋಳು ಕುರುಡಾದವು. ಒಂದಕ್ಕೆ ಕಾರಣ ನಾನೇ.

ಕೊಯ್ದ ಹೋಳುಗಳನ್ನು ನೆರಳಲ್ಲಿ ಗೋಣಿಯ ಮೇಲೆ ಹರಡಿ ಎರಡು ದಿನ ಬಿಟ್ಟೆವು. ಹಸಿ ಮುಖ ಒಣಗಿ ತೊಗಲಿನಂಥ ಪೊರೆ ಕಟ್ಟಿತು. ಮಾವ ಹೇಳಿದ ಗಾಯ ಮಾಯುವುದು ಅಂದರೆ ಇದೇ. ಮೇಲೆ ತೆಳ್ಳಗೆ ಬೂದಿ. ಬೆಂಗಳೂರಿನಲ್ಲಿ ಒಲೆ ಬೂದಿ ಎಲ್ಲಿಂದ ತರುವುದು? ಇಸ್ತ್ರಿ ಗಾಡಿಯವನು ಒಂದು ಡಬ್ಬ ಇದ್ದಿಲು ಬೂದಿ ಕೊಟ್ಟ. ನೆಡುವುದು ಅರ್ಧ ಗಂಟೆಯ ಕೆಲಸ. ಗ್ರೋ ಬ್ಯಾಗಿನ ಅಂಚು ಮಡಚಿ, ಮೂರನೇ ಒಂದು ಭಾಗ ಮಣ್ಣು ಗೊಬ್ಬರ ತುಂಬಿ, ಮೊಳಕೆ ಮೇಲೆ ಬರುವ ಹಾಗೆ ಹೋಳಿಟ್ಟು ಮುಚ್ಚಿದ್ದಾಯಿತು. ಗಿಡ ಏಳುತ್ತಾ ಹೋದಂತೆ ಮಣ್ಣು ಏರಿಸುತ್ತಾ ಹೋಗಬೇಕು. ಈ ಸಲ ನೀರು ಚಿಮುಕಿಸಿದೆ, ಅಷ್ಟೇ.

ಉಳಿದವು ಆ ಮೂರು ಕುರುಡು ಹೋಳು. ತಿನ್ನುವಂತಿಲ್ಲ, ಹಸಿರಾಗಿವೆ. ನೆಟ್ಟರೂ ಮೊಳೆಯುವುದಿಲ್ಲ. ಎಸೆಯೋಕೆ ಅಮ್ಮ ಬಿಡಲಿಲ್ಲ. ಮೂಲೆಯ ಒಡಕು ಕುಂಡದಲ್ಲಿ ತಾನೇ ಹೂತಳು. "ಬರಲ್ಲಮ್ಮ ಅದು" ಅಂದೆ. "ನೋಡೋಣ ಇರು" ಅಂದಳು.

ಇವತ್ತು ನೀರು ಹಾಕೋಕೆ ಹೋದಾಗ ಆ ಕುಂಡದಲ್ಲಿ ಸಣ್ಣ ಹಸಿರು ಕಂಡಿತು. ಎದೆ ಧಸಕ್ಕೆಂದಿತು. ಬಗ್ಗಿ ನೋಡಿದರೆ ಕೊತ್ತಂಬರಿ. ಹೂತ ದಿನವೇ, ನನಗೆ ಹೇಳದೆ, ಮೇಲೆ ಒಂದು ಹಿಡಿ ಧನಿಯಾ ಉದುರಿಸಿದ್ದಳಂತೆ.